ಪೆಟ್ಟಿಗೆಯಡಿಯ ಹನ್ನೆರಡು ಬಾವಿಗಳು

2024ರ ಫೆಬ್ರವರಿಯಲ್ಲಿ ನಾನು ಇಲಿನಾಯ್ ರಾಜ್ಯದ ಲಿಸ್ಲ್‌ನಲ್ಲಿ, ಶಾಲೆಗಳಿಗೆ ಗೋಡೆ ನಕ್ಷೆಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಕಾರ್ಟೋಗ್ರಾಫರ್ ಆಗಿದ್ದೆ. ಆಗ ನನಗೆ ಇಪ್ಪತ್ತೇಳು ವರ್ಷ. ಕೆಲಸಕ್ಕೆ ಸೇರಿ ಎರಡು ವರ್ಷ ಏಳು ತಿಂಗಳಾಗಿತ್ತು. ಅಲ್ಲಿಯವರೆಗೆ ಬೇರೆಯವರ ನಕ್ಷೆಗಳಲ್ಲಿ ಊರಿನ ಹೆಸರು ಸರಿಪಡಿಸುವುದು, ನದಿಗಳಿಗೆ ಬಣ್ಣ ಕೊಡುವುದು ನನ್ನ ಪಾಲಿಗೆ ಬರುತ್ತಿತ್ತು. ಒಂದು ಇಡೀ ಹಾಳೆಯನ್ನು ನನ್ನ ಹೊಣೆಗೆ ಬಿಟ್ಟದ್ದು ಅದೇ ಮೊದಲು. ಹಾಳೆಯ ಹೆಸರು 'ಉತ್ತರ ಆಫ್ರಿಕಾ ಮತ್ತು ನೈರುತ್ಯ ಏಷ್ಯಾ'. ಮೊರಾಕೊದ ಅಟ್ಲಾಂಟಿಕ್ ದಂಡೆಯಿಂದ ಇರಾನಿನ ಆಚೆಯ ತುದಿಯವರೆಗೆ, ಬಹುಪಾಲು ಮರುಭೂಮಿ.

ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ದಿನಾಂಕ ಮತ್ತು ಎಣಿಕೆ ಹೆಚ್ಚು. ಇಂದು ಎಷ್ಟು ಹೆಸರು ಕೂರಿಸಿದೆ, ಎಷ್ಟು ತೆಗೆದೆ, ಏಕೆ ತೆಗೆದೆ. ಈ ಅಭ್ಯಾಸ ಇಲ್ಲದಿದ್ದರೆ ನಾನು ಈಗ ಹೇಳಹೊರಟಿರುವ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೂ ಗೊತ್ತಾಗುತ್ತಿರಲಿಲ್ಲ.

ಆ ಹಾಳೆಯ ಮೇಲೆ ಕೆಲಸ ಮಾಡಿದ ಐದು ತಿಂಗಳು ನಾನು ಹಬ್ಬದ ಮನೆಯಲ್ಲಿದ್ದಂತೆ ಇದ್ದೆ. ಮರುಭೂಮಿ ಎಂದರೆ ಮರಳು ಎಂದುಕೊಂಡಿದ್ದವಳು ನಾನು. ಸಹಾರಾದಲ್ಲಿ ಮರಳು ಇರುವುದು ಸುಮಾರು ಕಾಲು ಭಾಗದಲ್ಲಿ ಮಾತ್ರ. ಉಳಿದದ್ದು ಜಲ್ಲಿಯ ಬಯಲು, ಬರಿ ಬಂಡೆಯ ಪ್ರಸ್ಥಭೂಮಿ, ಮತ್ತು ಬೆಟ್ಟ. ಟಿಬೆಸ್ತಿ ಬೆಟ್ಟಗಳು ಹನ್ನೊಂದು ಸಾವಿರ ಅಡಿ ದಾಟುತ್ತವೆ! ಅಲ್ಲಿ ಟೂಬು ಜನ, ಅವರ ಪಶ್ಚಿಮಕ್ಕೆ ಟುವಾರೆಗ್, ಕೆಂಪು ಸಮುದ್ರದ ದಂಡೆಗೆ ಬೇಜಾ, ನೈಲ್ ನದಿಯ ಉದ್ದಕ್ಕೆ ನೂಬಿಯನ್ನರು, ಪೂರ್ವದ ತುದಿಯಲ್ಲಿ ಬಲೂಚಿಗಳು. ದ್ರಾವಿಡ ನುಡಿಯಾಡುವ ಬ್ರಾಹುಯಿ ಜನ ಬಲೂಚಿಗಳ ನಡುವೆಯೇ ಇದ್ದಾರೆಂದು ಓದಿದ ದಿನ ನಾನು ಕುರ್ಚಿಯಿಂದ ಎದ್ದು ನಿಂತೆ. ನಮ್ಮ ಭಾಷೆಯ ದೂರದ ನೆಂಟರು ನನ್ನ ಹಾಳೆಯ ಮೂಲೆಯಲ್ಲಿ! ಜನವರಿ 19ರ ಪುಟದಲ್ಲಿ ಬರೆದಿದ್ದೇನೆ: 'ಒಟ್ಟು ಹೆಸರು 1,164. ಜನಾಂಗಗಳ ಹೆಸರು 38. ಇವತ್ತು ಊಟ ಮರೆತೆ.'

ಎಲ್ಲ ಹೆಸರು ಕೂತ ಮೇಲೆ ಉಳಿಯುವ ಕೊನೆಯ ಕೆಲಸ ಲೆಜೆಂಡ್. ಈ ಚುಕ್ಕಿ ಎಂದರೆ ನಗರ, ಈ ಗೆರೆ ಎಂದರೆ ರಸ್ತೆ ಎಂದು ತಿಳಿಸುವ ಪೆಟ್ಟಿಗೆ ಅದು. ಶಾಲೆಯಲ್ಲಿ ನಾವು ಸಂಕೇತ ಸೂಚಿ ಎನ್ನುತ್ತಿದ್ದೆವು. ನಕ್ಷೆ ಮಾಡುವವರೆಲ್ಲರಿಗೂ ಒಂದು ಹಳೆಯ ರೂಢಿಯಿದೆ: ನಕ್ಷೆಯಲ್ಲಿ ಎಲ್ಲಿ ಏನೂ ಇಲ್ಲವೋ ಅಲ್ಲಿ ಲೆಜೆಂಡ್ ಇಡು. ಸಾಮಾನ್ಯವಾಗಿ ಅದು ಸಮುದ್ರ. ನನ್ನ ಹಾಳೆಯ ಸಮುದ್ರದಲ್ಲಿ ಆಗಲೇ ದೇಶಗಳ ಗಡಿ ತೋರಿಸುವ ಒಂದು ಚಿಕ್ಕ ನಕ್ಷೆಯೂ ಮೈಲಿ ಅಳತೆಯ ಪಟ್ಟಿಯೂ ಕೂತಿದ್ದವು. ನಾನು ಹಿಂದಿನ ಬೇಸಿಗೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಪೆಟ್ಟಿಗೆಯ ಅಳತೆ ಕೊಟ್ಟರೆ ಅದು ಇಡೀ ಹಾಳೆಯನ್ನು ಜಾಲಾಡಿ, ಅತಿ ಕಡಿಮೆ ಹೆಸರುಗಳಿರುವ ಜಾಗ ಹುಡುಕಿ ಪೆಟ್ಟಿಗೆಯನ್ನು ಅಲ್ಲಿ ಕೂರಿಸುತ್ತಿತ್ತು. ಒಂದು ದಿನದ ಕೆಲಸ ಒಂಬತ್ತು ಸೆಕೆಂಡಿನಲ್ಲಿ. ಆಫೀಸಿನಲ್ಲಿ ಎಲ್ಲರೂ ಹೊಗಳಿದ್ದರು.

ಪ್ರೋಗ್ರಾಂ ಆರಿಸಿದ ಜಾಗ ಅರೇಬಿಯಾದ ದಕ್ಷಿಣದ ರುಬ್ ಅಲ್ ಖಾಲಿ. 'ಖಾಲಿ ಕಾಲುಭಾಗ' ಎಂದು ಅದರ ಅರ್ಥ. ಮೈಸೂರಿನ ಗೇಟುಗಳ ಮೇಲೆ 'ಮನೆ ಖಾಲಿ ಇದೆ' ಎಂದು ತೂಗುಹಾಕುತ್ತಾರಲ್ಲ, ಅದೇ ಖಾಲಿ. ನಾವೂ ಆ ಪದವನ್ನು ಅರಬ್ಬಿಯಿಂದ ತಂದವರೇ. ಆರು ಇಂಚು ಅಗಲ, ನಾಲ್ಕು ಇಂಚು ಎತ್ತರದ ಪೆಟ್ಟಿಗೆ ಅಲ್ಲಿ ಅಚ್ಚುಕಟ್ಟಾಗಿ ಕೂತಿತು. ಕೆಳಗಿದ್ದ ಗಡಿ ರೇಖೆಗಳು ಹೇಗೂ ಚಿಕ್ಕ ನಕ್ಷೆಯಲ್ಲಿ ಪೂರ್ತಿ ಇದ್ದವು. ಜನವರಿ 24ರ ಪುಟದಲ್ಲಿ ಹೀಗಿದೆ: 'ಲೆಜೆಂಡ್ ಇಟ್ಟೆ. ಅಡಿಯಲ್ಲಿ ಹೋದ ಹೆಸರು 11. ಎಲ್ಲ ಬಾವಿ, ಸಣ್ಣ ಊರು. ಯಾರಿಗೂ ಗೊತ್ತಾಗುವುದಿಲ್ಲ.' ನಿಯಮದ ಪ್ರಕಾರ ಆ ಹನ್ನೊಂದು ಹೆಸರನ್ನೂ ಬರೆದಿಟ್ಟುಕೊಂಡೆ. ಬಾವಿಗಳೆಲ್ಲ ಪೆಟ್ಟಿಗೆಯಡಿ ಹೋದದ್ದರಿಂದ ಲೆಜೆಂಡಿನಲ್ಲಿ ಬಾವಿಯ ಗುರುತೂ ಬೇಕಾಗಲಿಲ್ಲ. ಒಂದು ಸಾಲು ಉಳಿಯಿತೆಂದು ಖುಷಿಪಟ್ಟಿದ್ದೆ.

ಈ ನಕ್ಷೆಯನ್ನು ಮೊದಲು ಕೊಳ್ಳುವವರು ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನ ಕೆಲವು ಶಾಲೆಗಳು. ಅರಬ್ ಮೂಲದ ಮನೆತನಗಳು ಬಹಳ ಇರುವ ಊರು ಅದು. ಹಾಗಾಗಿ ಅಚ್ಚಿಗೆ ಹೋಗುವ ಮುಂಚಿನ ಪ್ರೂಫನ್ನು ಅಲ್ಲಿನ ಐವರು ಶಿಕ್ಷಕರಿಗೆ ಕಳಿಸಿದ್ದೆವು. ಅವರ ಪ್ರತಿ ಟಿಪ್ಪಣಿಗೂ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಬೀಳುತ್ತದೆ. ನಾವು ಉತ್ತರ ಬರೆಯಬೇಕು, ಟಿಪ್ಪಣಿ ಬರೆದವರು ಒಪ್ಪಿದರೆ ಅದು 'ಮುಗಿಯಿತು' ಎಂದಾಗುತ್ತದೆ. ಫೆಬ್ರವರಿ 2ರ ಶುಕ್ರವಾರದ ಹೊತ್ತಿಗೆ 47 ಟಿಪ್ಪಣಿ ಬಂದಿದ್ದವು. ನಲವತ್ತೇಳನೆಯದು ಸಲ್ಮಾ ಎಂಬ ಏಳನೇ ತರಗತಿಯ ಶಿಕ್ಷಕಿಯದು. ಒಂದೇ ಸಾಲು: 'ಪೆಟ್ಟಿಗೆಯ ಕೆಳಗೆ ಏನಿದೆ ಎಂದು ನನ್ನ ತಾತ ಕೇಳುತ್ತಿದ್ದಾರೆ.'

ನಾನು ಉತ್ತರ ಬರೆದೆ: 'ಮುಖ್ಯವಾದದ್ದೇನೂ ಇಲ್ಲ.'

ಮಂಗಳವಾರ ಮರು ಉತ್ತರ ಬಂತು. 'ಅದು ಅವರ ಊರು. ಅವರು ನಿಮ್ಮನ್ನು ಕಾಫಿಗೆ ಕರೆಯುತ್ತಿದ್ದಾರೆ. ಕೋಪದಿಂದಲ್ಲ.'

ನನ್ನ ಮೇಲಧಿಕಾರಿ ಡೇವ್ ಸಭ್ಯ ಮನುಷ್ಯ, ಮೂವತ್ತು ವರ್ಷದಿಂದ ನಕ್ಷೆ ಮಾಡುತ್ತಿದ್ದವರು. ಅವರು ಓದಿ ನಕ್ಕರು. "ಸೋಮವಾರ ಬೆಳಿಗ್ಗೆ ಎಂಟಕ್ಕೆ ಪ್ರೆಸ್‌ನಲ್ಲಿ ಅಚ್ಚಿನ ಪ್ಲೇಟ್ ಮಾಡುತ್ತಾರೆ. ಅದು ತಪ್ಪಿದರೆ ಮುಂದಿನ ಸರದಿ ಆರು ವಾರ ಆದಮೇಲೆ. ಎಲ್ಲ ನಕ್ಷೆಯಲ್ಲೂ ಪೆಟ್ಟಿಗೆಯ ಕೆಳಗೆ ಏನೋ ಒಂದು ಇದ್ದೇ ಇರುತ್ತದೆ, ಚೈತ್ರಾ. ಕಾಫಿ ಮಾತ್ರ ಕುಡಿದು ಬಾ."

ನನ್ನ ಸೋದರಮಾವ ಗುರುರಾಜ ಇರುವುದು ರಾಚೆಸ್ಟರ್ ಹಿಲ್ಸ್‌ನಲ್ಲಿ, ಡಿಯರ್‌ಬಾರ್ನ್‌ಗೆ ಮುಕ್ಕಾಲು ಗಂಟೆ ದೂರ. ಕಾರಿನ ಬಾಗಿಲಿಗೆ ಲ್ಯಾಚ್, ಅಂದರೆ ಚಿಲಕ, ತಯಾರಿಸುವ ಕಂಪನಿಯೊಂದರಲ್ಲಿ ಕ್ವಾಲಿಟಿ ನೋಡಿಕೊಳ್ಳುವವರು. ಶುಕ್ರವಾರ ಮಧ್ಯಾಹ್ನ ಪ್ರೂಫ್ ಹಾಳೆಯನ್ನು ರಟ್ಟಿನ ಕೊಳವೆಯಲ್ಲಿ ಸುತ್ತಿಕೊಂಡು ಹೊರಟೆ. ಐದು ಗಂಟೆಗೂ ಮೀರಿದ ದಾರಿ. ನಡುವೆ ಮಿಷಿಗನ್ ರಾಜ್ಯ ಹೊಕ್ಕಾಗ ಗಡಿಯಾರ ಒಂದು ಗಂಟೆ ಮುಂದೆ ಹಾರುತ್ತದೆ. ದಿನಚರಿಯಲ್ಲಿ ಎರಡೂ ಹೊತ್ತನ್ನು ಬರೆದಿದ್ದೇನೆ.

"ಬಂದ್ಳಪ್ಪಾ ಚಿತ್ರಗುಪ್ತನ್ ಮೊಮ್ಮಗ್ಳು!" ಮಾವ ಬಾಗಿಲಲ್ಲೇ ಶುರು ಮಾಡಿದರು. "ಎಷ್ಟ್ ಮೈಲಿ, ಎಷ್ಟ್ ಎಕ್ಸಿಟ್ಟು, ಎಷ್ಟ್ ಸಲ ಆಕಳಿಸ್ದೆ, ಎಲ್ಲಾ ಬರ್ಕೊಂಡ್ಯಾ?"

"ಮುನ್ನೂರ ಹದಿನಾಲ್ಕು ಮೈಲಿ. ಆಕಳಿಕೆ ಎಣಿಸಿಲ್ಲ ಮಾವ."

"ಅಯ್ಯೋ, ಡೇಟಾ ಮಿಸ್ಸಿಂಗ್!" ಎಂದರು. ಒಳಗಿನಿಂದ ಅತ್ತೆ, "ಪಾಪ, ಮೊದ್ಲು ಶೂ ಬಿಚ್ಚಕ್ ಬಿಡ್ರೀ ಅವ್ಳಿಗೆ," ಎಂದು ಕೂಗಿದರು.

ಶನಿವಾರ, ಫೆಬ್ರವರಿ 10, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನಾನೂ ಮಾವನೂ ಡಿಯರ್‌ಬಾರ್ನ್‌ನ ಒಂದು ಇಟ್ಟಿಗೆ ಮನೆಯ ಮುಂದೆ ಇಳಿದೆವು. ಅತ್ತೆ ಒಂದು ಡಬ್ಬಿ ಕೋಡುಬಳೆ ಕೊಟ್ಟಿದ್ದರು. ಸಲ್ಮಾ ಬಾಗಿಲು ತೆರೆದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಒಳಗೆ ಸೋಫಾದ ಮೇಲೆ ನೆಟ್ಟಗೆ ಕೂತಿದ್ದ ತೆಳ್ಳನೆಯ ಹಿರಿಯರೇ ಸಾಲೆಂ. ಯೆಮೆನ್ ದೇಶದ ಪೂರ್ವದ ಮಹ್ರಾ ಪ್ರಾಂತ್ಯದವರು. ಅಲ್ಲಿ ಮಹ್ರಿ ಎಂಬ ಭಾಷೆಯಿದೆ. ಅರಬ್ಬಿಗೆ ನೆಂಟತನವಿದ್ದರೂ ಅರಬ್ಬಿಯಲ್ಲ, ಹಿಂದಿನಿಂದ ಬಂದ ಲಿಪಿಯೂ ಅದಕ್ಕಿಲ್ಲ. ಡಿಯರ್‌ಬಾರ್ನ್‌ನ ಯೆಮೆನಿಗಳಲ್ಲಿ ಹೆಚ್ಚಿನವರು ಗುಡ್ಡಗಾಡಿನ ಕಡೆಯವರು. ತಾತನ ಜೊತೆ ಅವರ ಭಾಷೆಯಲ್ಲಿ ಮಾತಾಡುವವರು ಆ ಊರಿನಲ್ಲಿ ಯಾರೂ ಇಲ್ಲ ಎಂದು ಸಲ್ಮಾ ಹೇಳಿದರು. "ನನಗೆ ಮೂವತ್ತು ಪದ ಬರುತ್ತೆ. ಅದರಲ್ಲಿ ಹನ್ನೆರಡು ಒಂಟೆಗೆ ಸಂಬಂಧಿಸಿದ್ದು."

ಸಾಲೆಂ ತಾತ ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಕಾರಿಗೆ ಬಾಗಿಲು ಕೂರಿಸಿದವರು. ಅವರ ಇಂಗ್ಲಿಷ್ ಆ ಕಾರ್ಖಾನೆಯದೇ: ಚಿಕ್ಕ ವಾಕ್ಯ, ದೊಡ್ಡ ದನಿ. ಇದನ್ನು ಕೇಳಿದ ಮಾವನಿಗೆ ತಡೆಯಲಾಗಲಿಲ್ಲ. "ಯಾವ ಲೈನು? ಯಾವ ವರ್ಷ?" ಎಂದು ಕೇಳಿ, ಉತ್ತರ ಬಂದ ಕೂಡಲೇ ನನ್ನ ತೋಳು ಹಿಡಿದು ಅಲುಗಿಸಿದರು. "ಲೇ ಚೈತ್ರಾ, ಇವ್ರು ಕೂರಿಸ್ತಿದ್ದ ಡೋರ್‌ಗೇ ಕಣೇ ನಮ್ ಲ್ಯಾಚ್ ಹೋಗ್ತಿದ್ದಿದ್ದು!"

"ನಿಮ್ಮ ಲ್ಯಾಚಾ?" ತಾತ ಮಾವನನ್ನು ಮೇಲಿನಿಂದ ಕೆಳಗೆ ನೋಡಿದರು. "ಚಳಿಗಾಲದಲ್ಲಿ ಸಿಕ್ಕಿಕೊಳ್ಳುತ್ತಿತ್ತು."

ಸಲ್ಮಾ ನಕ್ಕೂ ನಕ್ಕೂ ಕಾಫಿ ಚೆಲ್ಲಿದರು. ಶುಂಠಿ ಹಾಕಿದ ಕಾಫಿ, ಜೊತೆಗೆ ಒಂದು ತಟ್ಟೆ ಖರ್ಜೂರ.

"ನೀವಿಬ್ಬರೂ ಮಾತಾಡಿದ್ದು ಯಾವ ಭಾಷೆ? ಎಷ್ಟು ಜನ ಮಾತಾಡುತ್ತೀರಿ?" ತಾತ ಕೇಳಿದರು.

"ಕನ್ನಡ. ಕೋಟಿಗಟ್ಟಲೆ ಜನ ಸಾರ್," ಎಂದರು ಮಾವ.

"ಹಾಗಾದರೆ ನಿಮ್ಮ ಮೇಲೆ ಯಾರೂ ಪೆಟ್ಟಿಗೆ ಇಡುವುದಿಲ್ಲ."

ನಾನು ಕೊಳವೆಯಿಂದ ಪ್ರೂಫ್ ತೆಗೆದು ನೆಲದ ಮೇಲೆ ಹಾಸಿದೆ. ಐದು ಅಡಿಗೂ ಮೀರಿದ ಹಾಳೆ. ಸೋಫಾ ಹಿಂದೆ ತಳ್ಳಬೇಕಾಯಿತು. ತಾತ ಕೋಲು ಪಕ್ಕಕ್ಕಿಟ್ಟು ಮಂಡಿಯೂರಿದರು. ಮೊರಾಕೊದಿಂದ ಬೆರಳು ಎಳೆಯುತ್ತ ಬಂದರು. ಕೆಲವು ಕಡೆ ನಿಂತು 'ಗುಡ್, ಗುಡ್' ಎಂದರು. ಬೆರಳು ಪೆಟ್ಟಿಗೆಯ ಅಂಚಿಗೆ ಬಂದು ನಿಂತಿತು.

"ಕೆಳಗೆ ಏನಿದೆ?"

ದಿನಚರಿಯ ಜನವರಿ 24ರ ಪುಟ ತೆರೆದು ಹನ್ನೊಂದು ಹೆಸರನ್ನು ಓದಿದೆ. ನನ್ನ ಉಚ್ಚಾರಣೆ ಕೆಟ್ಟದಾಗಿತ್ತು. ಆದರೆ ಥಮೂದ್ ಎಂದಾಗ ಅವರು ತಲೆಯೆತ್ತಿದರು. ಸನಾವ್ ಎಂದಾಗ ಕಣ್ಣು ಮುಚ್ಚಿದರು. ಶಿಸ್ರ್ ಎಂದಾಗ, "ನೀರು ಚೆನ್ನಾಗಿಲ್ಲ. ಒಂಟೆಗೆ ಸರಿ," ಎಂದರು. ಒಂದೊಂದು ಹೆಸರಿಗೂ, ನಾವು ತಿಂದು ತಟ್ಟೆಯಲ್ಲಿಟ್ಟಿದ್ದ ಖರ್ಜೂರದ ಬೀಜಗಳಲ್ಲಿ ಒಂದನ್ನು ಆರಿಸಿ, ಕರವಸ್ತ್ರದಲ್ಲಿ ಒರೆಸಿ, ನನ್ನ ಪೆಟ್ಟಿಗೆಯ ಮೇಲೆ ಇಡತೊಡಗಿದರು. 'ರಾಜಧಾನಿ' ಎಂಬ ಸಾಲಿನ ಮೇಲೆ ಒಂದು, 'ರೈಲು ಮಾರ್ಗ'ದ ಮೇಲೆ ಎರಡು. ನಾನು ಓದಿ ಮುಗಿಸಿದೆ. ಅವರು ಇನ್ನೊಂದು ಬೀಜ ಎತ್ತಿಟ್ಟರು.

ನಾನು ಎಣಿಸಿದೆ. ಹನ್ನೆರಡು.

"ಹನ್ನೊಂದೇ ಇರೋದು," ಎಂದೆ.

"ನಿನ್ನ ಪುಸ್ತಕದಲ್ಲಿ. ಈ ಹನ್ನೆರಡನೆಯದು ನನ್ನ ತಾಯಿಯ ಬಾವಿ. ಸನಾವ್‌ನಿಂದ ಒಂಟೆಯಲ್ಲಿ ಒಂದೂವರೆ ದಿನ. ಬೇಸಿಗೆಯಲ್ಲಿ ಸೂರ್ಯ ಎಲ್ಲಿ ಹುಟ್ಟುತ್ತಾನೋ ಆ ಕಡೆಗೆ."

ಅದನ್ನು ಸರ್ಕಾರದವರು ತೋಡಿದ್ದಲ್ಲ, ಅದರ ಪಕ್ಕದಲ್ಲಿ ಮನೆಯೂ ಇಲ್ಲ ಎಂದು ವಿವರಿಸಿದರು. ಮಳೆ ಬಿದ್ದ ವರ್ಷ ಮೇವು ಹುಡುಕಿ ಕುಟುಂಬಗಳು ಆ ಕಡೆ ಹೋಗುತ್ತವೆ. ಹೊರಡುವಾಗ ಬಾವಿಯ ಬಾಯಿಗೆ ಕಲ್ಲು ಹಾಸಿ, ತೊಗಲು ಹೊದಿಸಿ, ಮೇಲೆ ಮರಳು ಎಳೆಯುತ್ತಾರೆ. ಇಲ್ಲದಿದ್ದರೆ ಗಾಳಿ ಒಂದೇ ಋತುವಿನಲ್ಲಿ ಅದನ್ನು ತುಂಬಿಬಿಡುತ್ತದೆ. ಮುಂದೆ ಬಂದವರು, ಯಾವ ಕುಲದವರಾದರೂ, ತೆಗೆದು ಕುಡಿದು ಹಾಗೆಯೇ ಮುಚ್ಚಿ ಹೋಗಬೇಕು. "ಮುಚ್ಚದೆ ಹೋದವನ ಹೆಸರು ಎಲ್ಲರಿಗೂ ಗೊತ್ತಾಗುತ್ತೆ. ಖಾಲಿ ಅಂತ ಹೆಸರಿಟ್ಟವನು ಹೊರಗೆ ನಿಂತು ನೋಡಿದವನು. ನಾವು ಅದನ್ನು ರಿಮಾಲ್ ಅಂತೀವಿ. ಮರಳು, ಅಷ್ಟೇ."

ಮಾವ ಈಗ ಕನ್ನಡದಲ್ಲಿ ಮೆಲ್ಲಗೆ ಕೇಳಿದರು. "ಚೈತ್ರಾ, ಈ ಡಬ್ಬ ನಿಜ್ವಾಗ್ಲೂ ಎಷ್ಟ್ ದೊಡ್ದು?"

ಒಂದು ಇಂಚಿಗೆ ಎಂಬತ್ತು ಮೈಲಿ. ದಿನಚರಿಯ ಅಂಚಿನಲ್ಲೇ ಗುಣಿಸಿದೆ. ನಾನೂರ ಎಂಬತ್ತು, ಮುನ್ನೂರ ಇಪ್ಪತ್ತು. ಸುಮಾರು ಒಂದೂವರೆ ಲಕ್ಷ ಚದರ ಮೈಲಿ. "ಎರಡು ಕರ್ನಾಟಕಕ್ಕಿಂತ ಸ್ವಲ್ಪ ಜಾಸ್ತಿ ಮಾವ."

"ಎರಡು ಕರ್ನಾಟಕದ್ ಮೇಲೆ 'ರೈಲ್ವೆ ಲೈನ್' ಅಂತ ಬರ್ದು ಕೂರ್ಸಿದೀಯಲ್ಲೇ!"

ನಾನು ತಾತನಿಗೆ ನಮ್ಮ ಕಷ್ಟ ಹೇಳಿಕೊಂಡೆ. ಸೋಮವಾರ ಪ್ಲೇಟ್ ಆಗುತ್ತದೆ. ನಿಲ್ಲಿಸಿದರೆ ಆರು ವಾರ ಹೋಗುತ್ತದೆ, ಮೊದಲ ಹಾಳೆಯಲ್ಲೇ ನಾನು ತಡ ಮಾಡಿದವಳಾಗುತ್ತೇನೆ. ಅವರು ಗಮನವಿಟ್ಟು ಕೇಳಿದರು. ನಂತರ ಗೋಡೆಯ ಕಡೆ ಕೈ ತೋರಿದರು. "ಈ ನಕ್ಷೆ ಇವಳ ಕ್ಲಾಸಿನಲ್ಲಿ ಎಷ್ಟು ವರ್ಷ ಇರುತ್ತೆ?"

"ಹದಿನೈದು ವರ್ಷ," ಎಂದರು ಸಲ್ಮಾ. "ಈಗಿರೋದು ಇಪ್ಪತ್ತೊಂದು ವರ್ಷದ್ದು."

"ಅಷ್ಟೂ ವರ್ಷ ಮಕ್ಕಳು ಕೇಳುತ್ತಾರೆ, ಟೀಚರ್, ನಿಮ್ಮವರು ಎಲ್ಲಿಯವರು ಅಂತ. ಇವಳು ಪೆಟ್ಟಿಗೆ ತೋರಿಸಬೇಕು." ಮಾವನ ಕಡೆ ತಿರುಗಿದರು. "ಲೈನಿನಲ್ಲಿ ಹಗ್ಗ ಇತ್ತಲ್ಲ, ಇವಳಿಗೆ ಹೇಳು."

ಮಾವ ಹೇಳಿದರು. ಕಾರು ಜೋಡಿಸುವ ಸಾಲಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ ಹೋಗಿರುತ್ತದೆ. ಕೆಟ್ಟ ಬಿಡಿಭಾಗ ಕಂಡ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ಇಡೀ ಸಾಲು ನಿಲ್ಲುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ನೋಡಿಯೂ ಎಳೆಯದಿದ್ದರೆ ಆ ತಪ್ಪು ನೋಡಿದವನದು.

"ನೀವು ಎಳೆದಿದ್ದೀರಾ?" ನಾನು ಕೇಳಿದೆ.

"ನಾಲ್ಕು ಸಲ. ಮೂರು ಸಲ ಫೋರ್‌ಮನ್ ಬೈದ."

"ನಾಲ್ಕನೇ ಸಲ?"

"ಆಗಲೂ ಬೈದ." ತಾತ ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು. "ಇದು ಚೆನ್ನಾಗಿದೆ. ನಿನ್ನ ಮಾವನ ಲ್ಯಾಚಿಗಿಂತ ಗಟ್ಟಿ."

ಹೊರಡುವಾಗ ಅವರು ಹನ್ನೆರಡು ಬೀಜಗಳನ್ನೂ ಒಂದು ಕಾಗದದ ಲೋಟಕ್ಕೆ ಹಾಕಿ ನನ್ನ ಕೈಯಲ್ಲಿಟ್ಟರು.

ನಕ್ಷೆ ಮಾಡುವವರಿಗೆ ಒಂದು ನಿಯಮವಿದೆ: ಒಂದು ಹೆಸರು ಹಾಳೆಯ ಮೇಲೆ ಬರಬೇಕಾದರೆ ಎರಡು ಆಧಾರ ಬೇಕು. ಹನ್ನೆರಡನೆಯ ಬಾವಿಗೆ ಇದ್ದದ್ದು ಒಂದೇ, ಒಬ್ಬ ಹಿರಿಯರ ನೆನಪು. ಭಾನುವಾರ ಬೆಳಿಗ್ಗೆ ಏಳಕ್ಕೇ ಮಾವನ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದು ಎರಡನೆಯದನ್ನು ಹುಡುಕಲು ಕೂತೆ. ಒಂಟೆಯ ಒಂದು ದಿನ ಎಂದರೆ ಎಷ್ಟು ಮೈಲಿ? ಅದಕ್ಕೂ ತಾತನೇ ದಾರಿ ಕೊಟ್ಟಿದ್ದರು. ಥಮೂದ್‌ನಿಂದ ಸನಾವ್‌ಗೆ ಮೂರು ದಿನ ಎಂದಿದ್ದರು. ಆ ಎರಡೂ ಜಾಗ ನನ್ನ ಬಳಿ ಇದ್ದವು; ಅಳೆದರೆ ಸುಮಾರು ಎಂಬತ್ತೈದು ಮೈಲಿ. ಅಂದರೆ ದಿನಕ್ಕೆ ಇಪ್ಪತ್ತೆಂಟು. ಒಂದೂವರೆ ದಿನಕ್ಕೆ ನಲವತ್ತೆರಡು. ಬೇಸಿಗೆಯ ಉದಯ ಎಂದರೆ ಪೂರ್ವದಿಂದ ತುಸು ಉತ್ತರಕ್ಕೆ. ಸನಾವ್ ಮೇಲೆ ಕಂಪಾಸ್ ಊರಿ ಆ ಕಡೆಗೆ ಒಂದು ಕಮಾನು ಎಳೆದೆ.

ಉಪಗ್ರಹ ಚಿತ್ರದಲ್ಲಿ ಕಮಾನಿನ ಉದ್ದಕ್ಕೂ ಬರೀ ಹಳದಿ. ಒಂಬತ್ತು ಗಂಟೆಯವರೆಗೆ ಏನೂ ಇಲ್ಲ. ಅತ್ತೆ ಉಪ್ಪಿಟ್ಟು ತಂದಿಟ್ಟು ಹೋದರು. ಹತ್ತರವರೆಗೂ ಏನೂ ಇಲ್ಲ. ಮಾವ ಹಿಂದೆ ಬಂದು ನಿಂತು, "ಮುಚ್ಚಿರೋ ಬಾವಿ ಮೇಲಿಂದ ಹೆಂಗೇ ಕಾಣತ್ತೆ?" ಎಂದರು.

ಸರಿಯಾದ ಮಾತು. ಮುಚ್ಚಿದ ಬಾವಿ ಕಾಣುವುದಿಲ್ಲ. ಆದರೆ ಅದಕ್ಕೆ ಹೋಗುವವರು? ಈಗ ಅಲ್ಲಿನ ಜನ ಪಿಕಪ್ ಟ್ರಕ್ಕುಗಳಲ್ಲಿ ಓಡಾಡುತ್ತಾರೆ. ನಾನು ಬಾವಿ ಹುಡುಕುವುದನ್ನು ಬಿಟ್ಟು ಚಕ್ರದ ಗುರುತು ಹುಡುಕತೊಡಗಿದೆ. ಇತ್ತೀಚಿನ ಚಿತ್ರ ಬಿಟ್ಟು, ಒಳ್ಳೆಯ ಮಳೆ ಬಂದಿದ್ದ ಒಂದು ವರ್ಷದ ಚಳಿಗಾಲದ ಚಿತ್ರ ತೆಗೆದೆ. ಹತ್ತೂ ಐವತ್ತಕ್ಕೆ ಪರದೆಯ ಮೇಲೆ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಪಕ್ಕದಲ್ಲಿ ಇನ್ನೊಂದು. ದೊಡ್ಡದು ಮಾಡಿದೆ. ನಾಲ್ಕು ದಿಕ್ಕಿನಿಂದ ಏಳು ಗೆರೆಗಳು, ಬೆಲ್ಲದ ಚೂರಿನತ್ತ ಸಾಲುಗಟ್ಟುವ ಇರುವೆಗಳಂತೆ, ಎರಡು ಮರಳು ದಿಬ್ಬಗಳ ನಡುವಿನ ಒಂದು ಬೋಳು ಬಯಲಿಗೆ ಬಂದು ಸೇರಿದ್ದವು. ಸೇರಿದ ಜಾಗದಲ್ಲಿ ಏನೂ ಇರಲಿಲ್ಲ. ಏಳು ದಾರಿಗಳು ಏನೂ ಇಲ್ಲದ ಜಾಗಕ್ಕೆ ಏಕೆ ಬರುತ್ತವೆ?

ನಾನು ಕಿರುಚಿದೆನಂತೆ. ಅತ್ತೆ ಒದ್ದೆ ಕೈಯಲ್ಲೇ ಓಡಿ ಬಂದರು. ಸನಾವ್‌ನಿಂದ ಅಳೆದೆ: ನಲವತ್ನಾಲ್ಕು ಮೈಲಿ. ಐವತ್ತು ವರ್ಷದ ಹಿಂದಿನ ನೆನಪು ಎರಡೇ ಮೈಲಿ ತಪ್ಪಿತ್ತು. ಆ ಎರಡು ಮೈಲಿಯೂ ನನ್ನ ಭಾಗಾಕಾರದ್ದೇ ಇರಬೇಕು.

"ಫೋನ್ ಮಾಡು, ಫೋನ್ ಮಾಡು ಅವ್ರಿಗೆ," ಎಂದರು ಮಾವ.

"ಮೊದ್ಲು ಡೇವ್‌ಗೆ ಮಾವ."

"ಇವತ್ತು ಸೂಪರ್ ಬೌಲ್ ಕಣೇ, ಇವ್ರ್ ಫುಟ್‌ಬಾಲ್ ಫೈನಲ್ಲು. ಸಂಜೆ ಮೇಲೆ ಅಮೆರಿಕದಲ್ಲಿ ಯಾರೂ ಫೋನ್ ಎತ್ತಲ್ಲ. ಈಗ್ಲೇ ಹಗ್ಗ ಎಳಿ."

ಬರಿಗೈಯಲ್ಲಿ ಎಳೆಯುವಂತಿರಲಿಲ್ಲ. ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಎಂದು ಡೇವ್ ಕೇಳಿಯೇ ಕೇಳುತ್ತಾರೆ. ಲೆಜೆಂಡಿನ ಹತ್ತೊಂಬತ್ತು ಸಾಲುಗಳನ್ನು ಮುಂದಿಟ್ಟುಕೊಂಡೆ. ಏಳನೇ ತರಗತಿಯ ಮಗುವಿಗೆ 'ನದಿ' ಎಂದು ನೀಲಿ ಗೆರೆಯನ್ನು ವಿವರಿಸಬೇಕೆ? ಆರು ಸಾಲು ಹೋದವು. ಹೊಸದಾಗಿ ಒಂದು ಬಂತು: 'ಬಾವಿ'. ಚಿಕ್ಕ ನಕ್ಷೆಯನ್ನು ಕುಗ್ಗಿಸಿ, ಅಳತೆಯ ಪಟ್ಟಿಯನ್ನು ಕೆಳ ಅಂಚಿಗೆ ಸರಿಸಿ, ಅರಬ್ಬಿ ಸಮುದ್ರದಲ್ಲಿ ಜಾಗ ಮಾಡಿದೆ. ಪೆಟ್ಟಿಗೆ ಇಟ್ಟೆ. ಕೈ ತಾನಾಗಿ ನಿಂತಿತು. ಕೆಳಗೆ ಏನಿದೆ? ಎಡ ಅಂಚು ಸೊಕೊತ್ರಾ ದ್ವೀಪದ ಮೇಲೆ ಕೂತಿತ್ತು! ಅಲ್ಲಿನ ಭಾಷೆ ಮಹ್ರಿಯ ತಂಗಿ. ತಾತನ ಬಾವಿಗಳನ್ನು ಬಿಡಿಸಲು ಹೋಗಿ ಅವರ ದಾಯಾದಿಗಳನ್ನು ಮುಳುಗಿಸುತ್ತಿದ್ದೆ. ಪೆಟ್ಟಿಗೆಯನ್ನು ಪೂರ್ವಕ್ಕೆ ಸರಿಸಿದೆ.

ಮಧ್ಯಾಹ್ನ ಎರಡೂ ಕಾಲಿಗೆ ಡೇವ್‌ಗೆ ಕರೆ ಮಾಡಿದೆ. ಹಿನ್ನೆಲೆಯಲ್ಲಿ ಅತಿಥಿಗಳ ಗದ್ದಲ. ಎಲ್ಲವನ್ನೂ ಹೇಳಿದೆ. ಅವರು ಬೇರೆ ಕೋಣೆಗೆ ಹೋದದ್ದು ಬಾಗಿಲ ಸದ್ದಿನಿಂದ ತಿಳಿಯಿತು.

"ಎಷ್ಟು ಹೆಸರು?"

"ಹನ್ನೆರಡು."

"ಹನ್ನೆರಡು ಹೆಸರಿಗೆ ಪ್ರೆಸ್ ನಿಲ್ಲಿಸು ಅಂತೀಯಾ?"

"ಹೌದು. ಬದಲಾವಣೆಯ ಫಾರಂಗೆ ನನ್ನ ಹೆಸರೇ ಹಾಕಿ. ನಾನು ಜನವರಿ 24ಕ್ಕೇ ಎಣಿಸಿದ್ದೆ, ಎಣಿಸಿಯೂ ಮುಚ್ಚಿದೆ."

"ಮೂವತ್ತು ವರ್ಷದಿಂದ," ಎಂದು ಶುರು ಮಾಡಿದ ಡೇವ್ ವಾಕ್ಯ ಮುಗಿಸಲಿಲ್ಲ. "ಫೈಲ್ ಐದು ಗಂಟೆಯೊಳಗೆ ಕಳಿಸು. ನಮ್ಮ ಗಡಿಯಾರದ ಐದು, ಮಿಷಿಗನ್ನಿನದಲ್ಲ. ಆಟ ಶುರುವಾಗುವ ಮುಂಚೆ ನಾನೇ ನೋಡುತ್ತೇನೆ."

ಕಳೆದುಹೋಗಿದ್ದ ಆ ಒಂದು ಗಂಟೆ ವಾಪಸು ಸಿಕ್ಕಿತು. ಡೇವ್ ಗಡಿಯಾರದ 4:38ಕ್ಕೆ ಕಳಿಸಿದೆ. ಅವರು ಎರಡು ತಪ್ಪು ಹಿಡಿದರು. ಎರಡೂ ನಿಜವಾದ ತಪ್ಪುಗಳು. 5:21ಕ್ಕೆ ಒಪ್ಪಿಗೆ ಬಂತು. ಸೋಮವಾರದ ಪ್ಲೇಟ್ ಸೋಮವಾರವೇ ಆಯಿತು. ಹಾಗೆಂದು ನನಗೆ ಯಾರೂ ಶಾಲು ಹೊದಿಸಲಿಲ್ಲ. ಬುಧವಾರದ ಮೀಟಿಂಗ್‌ನಲ್ಲಿ, ಹೊಗಳಿಸಿಕೊಂಡಿದ್ದ ನನ್ನ ಪ್ರೋಗ್ರಾಂ ಅನ್ನು ಎಲ್ಲ ಹಾಳೆಗಳಿಂದ ತೆಗೆದುಹಾಕಿದರು. ಅದು ಆಗಲೇ ಬೇರೆ ಏಳು ನಕ್ಷೆಗಳಲ್ಲಿ ಪೆಟ್ಟಿಗೆ ಕೂರಿಸಿತ್ತು. ಆ ಏಳನ್ನೂ ತೆರೆದು ಅಡಿಯಲ್ಲಿ ಏನಿದೆ ಎಂದು ಪಟ್ಟಿ ಮಾಡುವ ಕೆಲಸ ನನಗೇ ಬಂತು; ಹತ್ತೊಂಬತ್ತು ದಿನ ಹಿಡಿಯಿತು. ಈಗ ಅದೇ ಪ್ರೋಗ್ರಾಂ ಮತ್ತೆ ಬಳಕೆಯಲ್ಲಿದೆ, ಒಂದು ಬದಲಾವಣೆಯೊಂದಿಗೆ. ಪೆಟ್ಟಿಗೆ ಇಡುವ ಮುಂಚೆ ಅದು ಅಡಿಯಲ್ಲಿ ಹೋಗುವ ಪ್ರತಿ ಹೆಸರನ್ನೂ ಪರದೆಯ ಮೇಲೆ ತೋರಿಸಿ ನಿಲ್ಲುತ್ತದೆ. ಒಬ್ಬ ಮನುಷ್ಯ ಅದನ್ನು ಓದಿ ಒಪ್ಪಿದ ಮೇಲೆಯೇ ಮುಂದುವರಿಯುತ್ತದೆ. ಒಂಬತ್ತು ಸೆಕೆಂಡಿನ ಕೆಲಸಕ್ಕೆ ಈಗ ಅರ್ಧ ದಿನ ಬೇಕು.

ಎಣಿಸುವುದನ್ನೇ ನಾನು ಎಚ್ಚರಿಕೆ ಎಂದುಕೊಂಡಿದ್ದೆ. ಹನ್ನೊಂದು ಎಂದು ಶಿಸ್ತಾಗಿ ಬರೆದೆ. ಹನ್ನೊಂದು ಏನು ಎಂದು ಕೇಳಿಕೊಳ್ಳಲಿಲ್ಲ. ಖಾಲಿ ಎನ್ನುವುದು ಜಾಗದ ಗುಣವಲ್ಲ, ನನ್ನ ಬಳಿ ಇರುವ ಮಾಹಿತಿಯ ಗುಣ ಎಂದು ಈ ಕೆಲಸ ನನಗೆ ಕಲಿಸಿತು. ಯಾರಿಗೂ ಗೊತ್ತಾಗುವುದಿಲ್ಲ ಎಂದು ಬರೆಯಲು ಕೈ ಹೋದಾಗಲೆಲ್ಲ ಮೇಜಿನ ಮೇಲಿನ ಕಾಗದದ ಲೋಟ ನೋಡುತ್ತೇನೆ. ಹನ್ನೆರಡು ಬೀಜ. ತಿಂಗಳಿಗೊಮ್ಮೆ ಎಣಿಸುತ್ತೇನೆ.

47ನೇ ಟಿಪ್ಪಣಿ ಮಾತ್ರ ಮುಗಿಯಲಿಲ್ಲ. ಫೆಬ್ರವರಿಯಲ್ಲೇ 'ಮುಖ್ಯವಾದದ್ದೇನೂ ಇಲ್ಲ' ಎಂಬುದನ್ನು ಅಳಿಸಿ ಹನ್ನೆರಡು ಹೆಸರು ಬರೆದಿದ್ದೆ. ಸಲ್ಮಾ ಒಪ್ಪಿಗೆ ಒತ್ತಲಿಲ್ಲ. ಗೋಡೆಯ ಮೇಲೆ ನೋಡಿದ ಮೇಲೆಯೇ ಎಂದು ತಾತ ಹಟ ಹಿಡಿದಿದ್ದರು. ಶಾಲೆ ಶುರುವಾಗಿ ನಕ್ಷೆ ತೂಗುಹಾಕಿದ್ದು ಸೆಪ್ಟೆಂಬರಿನಲ್ಲಿ. ಸೆಪ್ಟೆಂಬರ್ 12ರ ಮಧ್ಯಾಹ್ನ ನನ್ನ ಪರದೆಯ ಮೇಲೆ ಗಂಟೆ ಬಡಿಯಿತು.

'ಇವತ್ತು ಕ್ಲಾಸಿಗೆ ಕರೆತಂದಿದ್ದೆ. ತಾಯಿಯ ಬಾವಿಯ ಮೇಲೆ ಬೆರಳಿಟ್ಟು ಮಕ್ಕಳಿಗೆ ನಲವತ್ತು ನಿಮಿಷ ಪಾಠ ಮಾಡಿದರು. ನನ್ನ ಗಣಿತದ ಪೀರಿಯಡ್ ಹೋಯಿತು. ಈಗ ಪೆಟ್ಟಿಗೆ ಸಮುದ್ರದ ಮೇಲಿದೆಯಲ್ಲ, ಅದರ ಕೆಳಗೆ ಏನಿದೆ ಎಂದು ಕೇಳುತ್ತಿದ್ದಾರೆ.'

ಈ ಸಲ ನನ್ನ ಬಳಿ ಉತ್ತರವಿತ್ತು. ದಿನಚರಿಯ ಫೆಬ್ರವರಿ 11ರ ಪುಟ ತೆರೆದು ಅಲ್ಲಿದ್ದದ್ದನ್ನು ಹಾಗೆಯೇ ಬರೆದೆ: 'ನೀರು. ನೀರಿನಡಿ ಒಂದು ಬೆಟ್ಟಸಾಲು. ಮನುಷ್ಯರು ಯಾರೂ ಇಲ್ಲ. ಸೊಕೊತ್ರಾ ಪೆಟ್ಟಿಗೆಯಿಂದ ಎರಡು ಇಂಚು ಪಶ್ಚಿಮಕ್ಕೆ, ಪೂರ್ತಿ ಬಯಲಲ್ಲಿದೆ.'

ನಾಲ್ಕು ನಿಮಿಷದ ಮೇಲೆ 47ನೇ ಟಿಪ್ಪಣಿ 'ಮುಗಿಯಿತು' ಎಂದಾಯಿತು.